ಜಿಲ್ಲೆಗೊಂದು ವಿಶ್ವವಿದ್ಯಾಲಯ: ಯಾರಿಗಾಗಿ, ಯಾತಕ್ಕಾಗಿ?

ಪದವಿಯ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಾಗಿ ಅಚ್ಚಾಯಿತು ಅನ್ನಿ. ಬೀದರ ಜಿಲ್ಲೆಯ ಔರಾದಿನ ವಿದ್ಯಾರ್ಥಿನಿಗೆ ಕೆಲವೇ ವರ್ಷಗಳ ಹಿಂದೆ ಆ ಒಂದಕ್ಷರದ ಬೆಲೆ ಒಂದಿಡೀ ದಿನ. ಬೆಳಿಗ್ಗೆ ಎದ್ದು ಬೀದರದ ಬಸ್ಸು ಹಿಡಿಯಬೇಕು. ಅಲ್ಲಿ ಇಳಿದು ನೂರು ಕಿಲೋಮೀಟರಿಗೂ ದೂರದ ಕಲಬುರಗಿಗೆ ಇನ್ನೊಂದು ಬಸ್ಸು ಹತ್ತಬೇಕು. ಅಲ್ಲಿನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ಅರ್ಜಿ ಬರೆದು, ಚಲನ್ ತುಂಬಿ, ಸಂಜೆಯ ಬಸ್ಸಿಗೆ ಓಡಬೇಕು. ಜೊತೆಗೆ ಬಂದ ಅಪ್ಪನಿಗೋ ಅಣ್ಣನಿಗೋ ಅಂದಿನ ಕೂಲಿ ಖೋತಾ. 'ಸಾಹೇಬರು ರಜೆ, ನಾಳೆ ಬಾ' ಎಂದರೆ ಇನ್ನೊಂದು ದಿನ.

2023ರಲ್ಲಿ ಬೀದರಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂತು. ಹಾವೇರಿ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಕ್ಕೂ ಬಂತು. ಎರಡೇ ವರ್ಷ ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಇವೂ ಸೇರಿದಂತೆ ಹೊಸ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಬೀದರ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಹಳೆಯವುಗಳಲ್ಲಿ ಸೇರಿಸುವ ಮಾತು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿಯಿಂದ ಹೊರಬಿತ್ತು. ವಿದ್ಯಾರ್ಥಿಗಳು ಬೀದಿಗಿಳಿದರು. ಸದನದಲ್ಲಿ ಗದ್ದಲವಾಯಿತು. ದುಡ್ಡಿಲ್ಲ ಎಂಬುದು ಒಂದು ಕಡೆಯ ವಾದ, ನಮ್ಮ ಜಿಲ್ಲೆಗೆ ಅನ್ಯಾಯ ಎಂಬುದು ಇನ್ನೊಂದು ಕಡೆಯ ವಾದ. ಈ ಎರಡರ ನಡುವೆ ಮೂಲ ಪ್ರಶ್ನೆಯೇ ಮರೆಯಾಯಿತು. ಒಂದು ಸೀಮೆಯ ಜನರ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾಲಯ ಆ ಸೀಮೆಗೆ ಏನು ಕೊಡಬೇಕು? ಈ ಪ್ರಶ್ನೆಗೆ ನೂರು ವರ್ಷಗಳಿಂದ ನಮ್ಮ ನಾಡಿನಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಅವನ್ನೆಲ್ಲ ಒಂದೆಡೆ ಇಟ್ಟು ನೋಡುವ ಪ್ರಯತ್ನ ಇದು.

ಪರೀಕ್ಷೆ ನಡೆಸುವ ಕಚೇರಿಯಾಗಿ ಹುಟ್ಟಿದ್ದು

ಭಾರತದ ಆಧುನಿಕ ವಿಶ್ವವಿದ್ಯಾಲಯ ಪಾಠಶಾಲೆಯಾಗಿ ಹುಟ್ಟಲಿಲ್ಲ. 1854ರ ಚಾರ್ಲ್ಸ್ ವುಡ್‌ನ ಸುತ್ತೋಲೆಯ ಪ್ರಕಾರ 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಆರಂಭವಾದ ಮೂರೂ ಅಂದಿನ ಲಂಡನ್ ವಿಶ್ವವಿದ್ಯಾಲಯದ ಅಚ್ಚಿನಲ್ಲಿ ಎರಕ ಹೊಯ್ದಂಥವು. ಪಾಠ ಕಾಲೇಜಿನಲ್ಲಿ, ಪಠ್ಯ ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಬೊಂಬಾಯಿಗೆ ಪರೀಕ್ಷೆ ಬರೆದರೆ, ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸಿಗೆ ಸೇರಿದ್ದವು. ಎಲ್ಲೋ ದೂರದಲ್ಲಿ ಕೂತವರು ಇಲ್ಲಿನ ಮಕ್ಕಳು ಏನು ಓದಬೇಕೆಂದು ತೀರ್ಮಾನಿಸುತ್ತಿದ್ದರು.

ಈ ಕಟ್ಟನ್ನು ಮೊದಲು ಬಿಚ್ಚಿದ್ದು ಮೈಸೂರು. 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಣ್ಣು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ದೇಶೀ ಸಂಸ್ಥಾನ ತನ್ನ ಜನರಿಗಾಗಿ ಕಟ್ಟಿಕೊಂಡ ಮೊದಲ ವಿಶ್ವವಿದ್ಯಾಲಯ ಅದು. ಬ್ರಜೇಂದ್ರನಾಥ ಸೀಲ್ ಅವರಂಥ ಹೊರನಾಡಿನ ವಿದ್ವಾಂಸರನ್ನು ಕುಲಪತಿಯಾಗಿ ಕರೆಸಿಕೊಂಡಿತು. ಯುವಕ ರಾಧಾಕೃಷ್ಣನ್ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ತನ್ನ ಸೀಮೆಯದಾಗಿದ್ದೂ ಬಾಗಿಲು ತೆರೆದಿಟ್ಟುಕೊಳ್ಳಬಹುದು ಎಂದು ಆ ಮೊದಲ ದಶಕವೇ ತೋರಿಸಿಕೊಟ್ಟಿತು.

ಉತ್ತರದ ಜಿಲ್ಲೆಗಳು ಇನ್ನೂ ಮೂರು ದಶಕ ಕಾಯಬೇಕಾಯಿತು. ಏಕೀಕರಣದ ಹಂಬಲದ ಜೊತೆಜೊತೆಗೇ ಸ್ವಂತ ವಿಶ್ವವಿದ್ಯಾಲಯದ ಬೇಡಿಕೆಯೂ ಬೆಳೆದಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಬೊಂಬಾಯಿಯಲ್ಲೇ ಕಣ್ಣುಬಿಟ್ಟು, ಮರುವರ್ಷ ಧಾರವಾಡಕ್ಕೆ ಬಂತು. ರಾಜ್ಯ ಒಂದಾಗುವ ಏಳು ವರ್ಷ ಮೊದಲೇ 'ಕರ್ನಾಟಕ' ಎಂಬ ಹೆಸರನ್ನು ಹೊತ್ತ ಸಂಸ್ಥೆ ಅದು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರು ಅದಕ್ಕೊಂದು ನೆಲೆ ಕಟ್ಟಿಕೊಟ್ಟರು. 'ಅರಿವೇ ಗುರು' ಎಂಬ ಅದರ ಧ್ಯೇಯವಾಕ್ಯ ಈ ಮಣ್ಣಿನ ಮಾತು.

ಒಡೆಯುತ್ತ ಬೆಳೆದದ್ದು

ಆಮೇಲಿನದು ಹಿರಿಮನೆ ಪಾಲಾಗುತ್ತ ಹೋದ ಕಥೆ. 1964ರಲ್ಲಿ ಬೆಂಗಳೂರು ಬೇರೆಯಾಯಿತು. ಮಂಗಳೂರು ಬಳಿಯ ಕೊಣಾಜೆಯ ಗುಡ್ಡದ ಮೇಲಿದ್ದ ಮೈಸೂರಿನ ಸ್ನಾತಕೋತ್ತರ ಕೇಂದ್ರ, ಕಲಬುರಗಿಯಲ್ಲಿದ್ದ ಧಾರವಾಡದ ಕೇಂದ್ರ, ಎರಡೂ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯಗಳಾದವು. ಮಲೆನಾಡಿಗೆ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿ ಮತ್ತು ಬಳ್ಳಾರಿ. 2017ರ ಹೊತ್ತಿಗೆ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಯಿತು.

ಇದರ ನಡುವೆ ಹೆಚ್ಚು ಸದ್ದಿಲ್ಲದ ಇನ್ನೊಂದು ವಿಭಜನೆ ನಡೆಯಿತು. ವೈದ್ಯಕೀಯ ಕಾಲೇಜುಗಳೆಲ್ಲ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದವು. ಪಠ್ಯ, ಪರೀಕ್ಷೆಗಳಲ್ಲಿ ಒಂದು ಶಿಸ್ತು ಬಂದದ್ದು ನಿಜ. ಆದರೆ ಹೆಚ್ಚು ಶುಲ್ಕ ತರುತ್ತಿದ್ದ ಕಾಲೇಜುಗಳು ಕೈಬಿಟ್ಟುಹೋಗಿ, ಸಾಮಾನ್ಯ ವಿಶ್ವವಿದ್ಯಾಲಯಗಳ ಪಾಲಿಗೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಬಡವರ, ಹಳ್ಳಿಗರ ಮಕ್ಕಳು ಮಾತ್ರ ಉಳಿದರು. ಹೊಣೆ ಹಾಗೇ ಇತ್ತು, ಬೊಕ್ಕಸ ಬರಿದಾಯಿತು. ಇಂದಿನ ಬಿಕ್ಕಟ್ಟನ್ನು ಅರಿಯಲು ಈ ಸಂಗತಿ ನೆನಪಿನಲ್ಲಿರಬೇಕು.

ಮೊದಲ ವಾದ: ಹೊಸ ಅರಿವು ಹುಟ್ಟಬೇಕು

ವಿಶ್ವವಿದ್ಯಾಲಯ ಇರುವುದು ಹೊಸ ಜ್ಞಾನಕ್ಕಾಗಿ ಎಂಬುದು ಒಂದು ವಾದ. 1810ರಲ್ಲಿ ಬರ್ಲಿನ್ನಿನಲ್ಲಿ ಹಂಬೋಲ್ಟ್ ಕಟ್ಟಿದ ಮಾದರಿಯಲ್ಲಿ ಇದರ ಬೇರಿದೆ. ಕಲಿಸುವವನೂ ಸಂಶೋಧಕನೇ ಆಗಿರಬೇಕು, ಕಲಿಯುವವನು ಆ ಹುಡುಕಾಟದಲ್ಲಿ ಜೊತೆಗಾರನಾಗಬೇಕು. ಹಾಗಾಗಬೇಕಾದರೆ ಪ್ರಯೋಗಾಲಯ, ಗ್ರಂಥಾಲಯ, ಬೇರೆ ಬೇರೆ ವಿಷಯಗಳ ಪಂಡಿತರು ಒಂದೆಡೆ ಸೇರಬೇಕು. ಆದ್ದರಿಂದ ಸಂಖ್ಯೆ ಕಡಿಮೆಯಿರಲಿ, ಸತ್ವ ಹೆಚ್ಚಿರಲಿ ಎನ್ನುತ್ತಾರೆ ಇವರು. ನಾಲ್ಕಾರು ಅಧ್ಯಾಪಕರ ವಿಭಾಗಕ್ಕೆ ವಿಶ್ವವಿದ್ಯಾಲಯವೆಂದು ಬೋರ್ಡು ಹಾಕಿದರೆ ಸಂಶೋಧನೆ ಹುಟ್ಟುವುದಿಲ್ಲ ಎಂಬ ಇವರ ಮಾತನ್ನು ತಳ್ಳಿಹಾಕಲಾಗದು.

ಆದರೆ ದೊಡ್ಡ ಜ್ಞಾನ ದೊಡ್ಡ ಊರಿನಲ್ಲೇ ಹುಟ್ಟುತ್ತದೆ ಎಂದುಕೊಂಡರೆ ಕೊಣಾಜೆಯ ಅನುಭವ ಬೇರೆಯೇ ಹೇಳುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಸಿರಿ ಆರಾಧನೆಯ ಮುಂದಾಳು. ಸಿರಿಯ ಇಡೀ ಕಥೆ ಅವರ ನಾಲಿಗೆಯ ಮೇಲಿತ್ತು. ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರೊಡನೆ 1990ರ ಡಿಸೆಂಬರಿನಲ್ಲಿ ಅವರ ಮುಂದೆ ಕುಳಿತರು. ನಾಯ್ಕರು ದಿನಗಟ್ಟಲೆ ಹಾಡಿದರು. ತುಳುವಿನ ಆ ಕಾವ್ಯ 15,683 ಸಾಲುಗಳಷ್ಟು ದೀರ್ಘವೆಂದು ಲೆಕ್ಕ ಸಿಕ್ಕಿತು. 1998ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಹೆಲ್ಸಿಂಕಿಯಿಂದ ಅದು ಪ್ರಕಟವಾದಾಗ, ಮೌಖಿಕ ಮಹಾಕಾವ್ಯಗಳ ಬಗ್ಗೆ ಜಗತ್ತಿನ ವಿದ್ವಾಂಸರು ನಡೆಸುತ್ತಿದ್ದ ಚರ್ಚೆಗೇ ಹೊಸ ಆಧಾರ ದೊರೆಯಿತು. ತುಳು ಬಲ್ಲ, ಆ ಊರಿನ ದಾರಿ ಬಲ್ಲ, ಆ ಮನೆಯ ಜಗಲಿಯಲ್ಲಿ ಕೂರಬಲ್ಲ ಅಧ್ಯಾಪಕರು ಹತ್ತಿರದಲ್ಲಿ ಇದ್ದದ್ದರಿಂದ ಆದ ಕೆಲಸ ಅದು.

ಎರಡನೆಯ ವಾದ: ಬಾಗಿಲಿಗೆ ಬಂದ ಓದು

ಹೊಸ ಅರಿವಿಗಿಂತ ಮುಂಚೆ, ಅರಿವಿನ ಬಾಗಿಲು ಎಲ್ಲರಿಗೂ ತೆರೆಯಬೇಕು ಎಂಬುದು ಎರಡನೆಯ ವಾದ. ಧಾರವಾಡವೂ ಬೊಂಬಾಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ದಿನಗಳಲ್ಲೇ, 1927ರಲ್ಲಿ, ಅಂಬೇಡ್ಕರ್ ಅವರು ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಈ ಮಾತೆತ್ತಿದರು. ಬಡವರ, ಹಿಂದುಳಿದವರ ಮನೆಬಾಗಿಲಿಗೆ ಉನ್ನತ ಶಿಕ್ಷಣ ತಲುಪಿಸುವುದು ವಿಶ್ವವಿದ್ಯಾಲಯದ ಕರ್ತವ್ಯ, ಅದರ ಆಡಳಿತದಲ್ಲಿ ಆ ಸಮುದಾಯಗಳ ದನಿಯೂ ಇರಬೇಕು ಎಂಬುದು ಅವರ ನಿಲುವಾಗಿತ್ತು.

ಈ ವಾದದ ಬಲ ಗೊತ್ತಾಗಬೇಕಾದರೆ ದೂರದ ಲೆಕ್ಕ ಹಾಕಿ ನೋಡಬೇಕು. ಮಗ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಓದಲಿ ಎನ್ನುವ ಮನೆಯಲ್ಲೂ, ಮಗಳ ವಿಷಯ ಬಂದಾಗ 'ಬೆಳಿಗ್ಗೆ ಹೋಗಿ ಸಂಜೆ ಬರುವಂತಿದ್ದರೆ ನೋಡೋಣ' ಎಂಬ ಮಾತು ಬರುತ್ತದೆ. ಬಸ್ ಪಾಸಿನಲ್ಲಿ ಮುಟ್ಟುವಷ್ಟು ಹತ್ತಿರದಲ್ಲಿ ಎಂ.ಎ. ಇದೆಯೋ ಇಲ್ಲವೋ ಎಂಬುದರ ಮೇಲೆ ಎಷ್ಟೋ ಹುಡುಗಿಯರ ಓದು ನಿಂತಿದೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ, ಕಾಲೇಜು ವಯಸ್ಸಿನ ನೂರು ಮಂದಿಯಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದವರು ದೇಶದಲ್ಲಿ 28ರಷ್ಟಾದರೆ ಕರ್ನಾಟಕದಲ್ಲಿ 36ರಷ್ಟು. ಈ ಮುನ್ನಡೆಯಲ್ಲಿ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೂ, ಅದಕ್ಕೆ ಆಸರೆಯಾದ ವಿಶ್ವವಿದ್ಯಾಲಯಕ್ಕೂ ದೊಡ್ಡ ಪಾಲಿದೆ.

ಈ ವಾದಕ್ಕೂ ಒಂದು ಮಿತಿಯುಂಟು. ಬಾಗಿಲು ತೆರೆದ ಮೇಲೆ ಒಳಗೆ ಏನಿದೆ ಎಂದು ಅದು ಎಷ್ಟೋ ಸಲ ಕೇಳುವುದಿಲ್ಲ. ಕಾಯಂ ಅಧ್ಯಾಪಕರಿಲ್ಲದ ವಿಭಾಗ, ಹೊಸ ಪುಸ್ತಕ ಕಾಣದ ಗ್ರಂಥಾಲಯ, ತಡವಾಗಿ ಬರುವ ಫಲಿತಾಂಶ, ಇವನ್ನು ಬಡವರ ಮಕ್ಕಳಿಗೆ ಕೊಟ್ಟು ಅದನ್ನೇ ಸಾಮಾಜಿಕ ನ್ಯಾಯವೆಂದರೆ ನ್ಯಾಯಕ್ಕೇ ಅಪಚಾರ.

ಮೂರನೆಯ ವಾದ: ಹೊಲಕ್ಕೂ ಕಸುಬಿಗೂ ಬೆಳಕು

ಓದು ನಾಡಿನ ದುಡಿಮೆಯನ್ನು ಹೆಚ್ಚಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ನಂಬಿಕೆ. ಸಂಸ್ಥಾನದಲ್ಲಿ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನ ಶಿಕ್ಷಣ, ಕೃಷಿ, ಕೈಗಾರಿಕೆ ಮೂರನ್ನೂ ಒಟ್ಟಿಗೆ ಚರ್ಚಿಸಿತು. ಅಮೆರಿಕದಲ್ಲಿ 1862ರ ಮೊರಿಲ್ ಕಾಯ್ದೆಯಿಂದ ಹುಟ್ಟಿದ ಕಾಲೇಜುಗಳ ಹಾದಿಯೂ ಇದೇ. ಸರ್ಕಾರ ಭೂಮಿ ಕೊಡುತ್ತದೆ. ಕಾಲೇಜು ಆ ಸೀಮೆಯ ರೈತನಿಗೆ, ಕುಶಲಕರ್ಮಿಗೆ ಉಪಯೋಗವಾಗುವ ವಿದ್ಯೆ ಕೊಡುತ್ತದೆ.

ನಮ್ಮಲ್ಲಿ ಈ ಮಾದರಿ ಚೆನ್ನಾಗಿ ಬೇರುಬಿಟ್ಟದ್ದು ಕೃಷಿ ವಿಶ್ವವಿದ್ಯಾಲಯಗಳಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿ 'ಇಂಡಾಫ್' ತಳಿಗಳನ್ನು ತಂದರು. ರಾಗಿಯ ಹೂವು ತೀರ ಸಣ್ಣದು, ತನ್ನಲ್ಲೇ ಪರಾಗ ಸೇರಿಸಿಕೊಳ್ಳುವಂಥದು. ಅದನ್ನು ಬೇರೊಂದರೊಡನೆ ಕೂಡಿಸುವುದು ತಾಳ್ಮೆಯ ಕೆಲಸ. ಆ ತಾಳ್ಮೆಯ ಫಲ ಹಳೆ ಮೈಸೂರಿನ ಹೊಲಗಳಲ್ಲಿ ತೆನೆದುಂಬಿತು. ಇಂದಿಗೂ ಬೆಂಗಳೂರಿನ ಜಿಕೆವಿಕೆಯಲ್ಲಿ, ಧಾರವಾಡದಲ್ಲಿ ಕೃಷಿ ಮೇಳ ನಡೆದಾಗ ಬುತ್ತಿ ಕಟ್ಟಿಕೊಂಡು ಬರುವ ರೈತರು ತಳಿಯ ಮುಂದೆ ನಿಂತು ವಿಜ್ಞಾನಿಗೆ ಪ್ರಶ್ನೆ ಹಾಕುತ್ತಾರೆ. ಸಾಮಾನ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳದ ವಿಭಾಗಗಳ ಮುಂದೆ ಊರವರು ಹಾಗೆ ಬಂದು ನಿಲ್ಲುವುದನ್ನು ನಾವು ಕಂಡಿಲ್ಲ.

1948–49ರ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದಿತ್ತು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂದದ್ದು 2016ರಲ್ಲಿ. ಈ ವಾದದ ಅಪಾಯ ಬೇರೆ ಕಡೆಯಿದೆ. ಉಪಯೋಗವೆಂದರೆ ನಾಳೆಯ ನೌಕರಿ ಮಾತ್ರ ಎಂದಾಗಿಬಿಟ್ಟರೆ ಇತಿಹಾಸ, ತತ್ತ್ವಶಾಸ್ತ್ರ, ಗಣಿತಗಳೆಲ್ಲ 'ಬೇಡಿಕೆ ಇಲ್ಲದ ಕೋರ್ಸು'ಗಳಾಗಿ ಮುಚ್ಚುತ್ತವೆ. ಪಟ್ಟಣದ ಮಕ್ಕಳಿಗೆ ಚಿಂತನೆ, ಜಿಲ್ಲೆಯ ಮಕ್ಕಳಿಗೆ ಕೌಶಲ ತರಬೇತಿ ಎಂಬ ಹೊಸ ಪಂಕ್ತಿಭೇದ ಅಲ್ಲಿಂದ ಶುರುವಾಗುತ್ತದೆ.

ನಾಲ್ಕನೆಯ ವಾದ: ನುಡಿಯ ಮನೆ

ನಾಡಿನ ಭಾಷೆಯಲ್ಲಿ ಅರಿವು ಬೆಳೆಯಬೇಕು ಎಂಬುದು ನಾಲ್ಕನೆಯದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ ಕನ್ನಡವನ್ನು ಕಟ್ಟಿದ ಬಿ.ಎಂ. ಶ್ರೀಕಂಠಯ್ಯ ಈ ದಾರಿಯ ಹಿರಿಯರು. 1920ರ ದಶಕದ ಕೊನೆಗೆ ಮೈಸೂರಿನಲ್ಲಿ ಕನ್ನಡ ಎಂ.ಎ. ಬಂತು. ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟು, ಅದನ್ನೇ ಕಡಿಮೆ ಬೆಲೆಯ ಕಿರುಹೊತ್ತಗೆಯಾಗಿ ತರುವ ಪದ್ಧತಿ ಬೆಳೆಯಿತು; 'ಪ್ರಸಾರಾಂಗ' ಎಂಬ ಚೆಲುವಾದ ಹೆಸರು ಅದಕ್ಕೆ ಅಂಟಿತು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಮಾನಸಗಂಗೋತ್ರಿಗೆ ಹೆಸರಿಟ್ಟರು, ಕನ್ನಡ ಮಾಧ್ಯಮಕ್ಕಾಗಿ ಪಟ್ಟು ಹಿಡಿದರು. ಅಲ್ಲಿನ ಕನ್ನಡ ಅಧ್ಯಯನ ಸಂಸ್ಥೆಯಿಂದ ಕನ್ನಡ ವಿಶ್ವಕೋಶದ ಸಂಪುಟಗಳು ಬಂದವು. 1991ರಲ್ಲಿ ಹಂಪಿಯಲ್ಲಿ ಚಂದ್ರಶೇಖರ ಕಂಬಾರರು ಕುಲಪತಿಯಾಗಿ ಕಟ್ಟಿದ ಕನ್ನಡ ವಿಶ್ವವಿದ್ಯಾಲಯ, ಕಾಲೇಜುಗಳ ಸಂಯೋಜನೆಯ ಗೊಡವೆಯನ್ನೇ ಇಟ್ಟುಕೊಳ್ಳದೆ ಸಂಶೋಧನೆಗೆ ಮೀಸಲಾಯಿತು.

ಈ ವಾದವೇ ನಮಗೆ ಅತಿ ಹೆಚ್ಚು ಉಳಿಯುವ ಕೆಲಸ ಕೊಟ್ಟಿದೆ ಎಂಬುದು ನನ್ನ ನಂಬಿಕೆ. ಆದರೂ ಒಂದು ಕೊರತೆ ಒಪ್ಪಿಕೊಳ್ಳಬೇಕು. ಕನ್ನಡ ವಿಭಾಗದಲ್ಲಿ ಕನ್ನಡ ಬೆಳೆಯಿತು. ಭೌತಶಾಸ್ತ್ರದ, ಕಾನೂನಿನ, ವಾಣಿಜ್ಯದ ಉನ್ನತ ತರಗತಿಗಳಿಗೆ ಅದು ದಾಟಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಜಾಣ ಹುಡುಗ ಎಂ.ಎಸ್ಸಿ. ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವುದು ಇನ್ನೂ ತಪ್ಪಿಲ್ಲ.

ಲೆಕ್ಕದ ಪುಸ್ತಕ ಹೇಳುವುದು

ಇಷ್ಟೂ ವಾದಗಳನ್ನು ಒಂದೇ ಏಟಿಗೆ ಬದಿಗೊತ್ತುವುದು ಹಣಕಾಸಿನ ಮಾತು. 2022–23ರ ಬಜೆಟ್ಟಿನಲ್ಲಿ ಘೋಷಣೆಯಾದ ಏಳು ವಿಶ್ವವಿದ್ಯಾಲಯಗಳಿಗೆ ಆರಂಭಕ್ಕೆಂದು ತಲಾ 2 ಕೋಟಿ ರೂಪಾಯಿ ಗೊತ್ತಾಗಿತ್ತು. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕಅಳುವಾರ, ಹಾವೇರಿಯ ಕೆರಿಮತ್ತಿಹಳ್ಳಿ ಹೀಗೆ ಇದ್ದ ಸ್ನಾತಕೋತ್ತರ ಕೇಂದ್ರಗಳೇ ರಾತ್ರಿ ಬೆಳಗಾಗುವುದರಲ್ಲಿ ವಿಶ್ವವಿದ್ಯಾಲಯಗಳಾದವು. ಕುಲಪತಿ ಬಂದರು, ಕುಲಸಚಿವರು ಬಂದರು. ಪಾಠ ಹೇಳುವ ಹುದ್ದೆಗಳು ಬರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 12(ಬಿ) ಮಾನ್ಯತೆ ಸಿಗುವವರೆಗೆ ಕೇಂದ್ರದ ಅಭಿವೃದ್ಧಿ ಅನುದಾನವೂ ಇಲ್ಲ.

ಹಳೆಯವುಗಳ ಸ್ಥಿತಿಯೂ ಹಿತವಾಗಿಲ್ಲ. ನಿವೃತ್ತರ ಪಿಂಚಣಿಯ ಭಾರ ಹೆಚ್ಚುತ್ತಿದೆ. ಜಿಲ್ಲೆಗಳು ಬೇರೆಯಾದಂತೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳ ಆದಾಯ ಇಳಿಯುತ್ತಿದೆ. ಹಲವು ವಿಭಾಗಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ವರ್ಷಕ್ಕೆ ಕೆಲವೇ ತಿಂಗಳು ಸಂಬಳ ಕಾಣುವ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನಿಂದ ಹತ್ತು ವರ್ಷದ ಸಂಶೋಧನೆಯನ್ನು ಹೇಗೆ ಬಯಸುವುದು?

ದುಡ್ಡಿಲ್ಲದಾಗ ಸಂಸ್ಥೆ ದಾರಿ ತಪ್ಪುವುದುಂಟು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ ಹೊರರಾಜ್ಯಗಳಲ್ಲಿ ಕೋರ್ಸು ನಡೆಸಿದ್ದಕ್ಕಾಗಿ 2015ರಲ್ಲಿ ಅದರ ಮಾನ್ಯತೆಯೇ ಹೋಯಿತು. 2018ರಲ್ಲಿ ಮರಳಿ ಸಿಗುವವರೆಗೆ ಓದು ಮುಗಿಸಿದವರೂ ಪರದಾಡಿದರು. ತನ್ನ ಸೀಮೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿ ಪಾಠ ಬೇಡ.

ಇನ್ನೂ ತೀರದ ಪ್ರಶ್ನೆಗಳು

ಮೊದಲನೆಯದು ಗಾತ್ರ. ಎಷ್ಟು ಕಾಲೇಜು, ಎಷ್ಟು ವಿಭಾಗ, ಎಷ್ಟು ಅಧ್ಯಾಪಕರಿದ್ದರೆ ವಿಶ್ವವಿದ್ಯಾಲಯ ಎನ್ನಬಹುದು? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಯೋಜನಾ ಪದ್ಧತಿಯನ್ನೇ ಹಂತಹಂತವಾಗಿ ನಿಲ್ಲಿಸಬೇಕೆನ್ನುತ್ತದೆ. ಹಾಗಾದರೆ ಪರೀಕ್ಷಾ ಶುಲ್ಕದಿಂದಲೇ ಬದುಕಿರುವ ನಮ್ಮ ವಿಶ್ವವಿದ್ಯಾಲಯಗಳ ಗತಿ ಏನು? ಉತ್ತರವಿಲ್ಲ.

ಎರಡನೆಯದು ಸ್ವಾಯತ್ತತೆ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿ ತಂದಿತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಎರಡೂ ಸಲ ತೀರ್ಮಾನ ಬಂದದ್ದು ಮೇಲಿನಿಂದ. ಕುಲಪತಿಯ ನೇಮಕದಲ್ಲಿ ಕೊನೆಯ ಮಾತು ರಾಜ್ಯಪಾಲರದೋ, ಚುನಾಯಿತ ಸರ್ಕಾರದ್ದೋ ಎಂಬ ಜಗ್ಗಾಟ ನಡೆದೇ ಇದೆ. ಈ ಜಗ್ಗಾಟದಲ್ಲಿ ಅಧ್ಯಾಪಕರ, ವಿದ್ಯಾರ್ಥಿಗಳ ದನಿ ಎಲ್ಲಿದೆ?

ಮೂರನೆಯದು ಅಳತೆಗೋಲು. ನ್ಯಾಕ್ ಶ್ರೇಣಿ, ರಾಷ್ಟ್ರೀಯ ರ‍್ಯಾಂಕಿಂಗ್ ಇವು ಪ್ರಬಂಧಗಳನ್ನು ಎಣಿಸುತ್ತವೆ. ಮನೆಯಲ್ಲಿ ಮೊದಲ ಸಲ ಪದವಿ ಪಡೆದವಳನ್ನು, ಜಿಲ್ಲೆಯ ಕೆರೆಗಳ ಸ್ಥಿತಿಯನ್ನು ಬರೆದಿಟ್ಟ ವಿಭಾಗವನ್ನು ಎಣಿಸುವ ಅಳತೆಗೋಲನ್ನು ನಾವಿನ್ನೂ ಮಾಡಿಕೊಂಡಿಲ್ಲ. ನಾಲ್ಕನೆಯದು ಭಾಷೆ. ಕನ್ನಡದಲ್ಲಿ ಉನ್ನತ ವಿಜ್ಞಾನ ಕಲಿಸಬೇಕೆ, ಇಂಗ್ಲಿಷಿಗೆ ಸೇತುವೆ ಕಟ್ಟಿಕೊಡಬೇಕೆ, ಎರಡನ್ನೂ ಮಾಡಬೇಕೆ ಎಂಬುದು ಕುವೆಂಪು ಕಾಲದಿಂದ ಹಾಗೇ ಉಳಿದಿದೆ.

ಈ ನಾಲ್ಕೂ ವಾದಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿಲ್ಲ. ಸೀಮೆಯ ಮಕ್ಕಳು ಒಳಗೆ ಬರಬೇಕು. ಅವರ ಜೊತೆ ಸೀಮೆಯ ನೆಲ, ನೀರು, ನುಡಿ, ಕಸುಬುಗಳೂ ಪಾಠದೊಳಗೆ ಬರಬೇಕು. ಮಕ್ಕಳು ಮಾತ್ರ ಬಂದರೆ ಅದು ಪರೀಕ್ಷಾ ಕೇಂದ್ರ, ಸೀಮೆ ಮಾತ್ರ ಬಂದರೆ ಅದು ವಸ್ತುಸಂಗ್ರಹಾಲಯ. ಎರಡೂ ಬಂದಾಗಲೇ ಅದು ನಮ್ಮ ವಿಶ್ವವಿದ್ಯಾಲಯ.

ಆದ್ದರಿಂದ ಉಳಿಸುವುದೋ ಮುಚ್ಚುವುದೋ ಎಂದು ಹೊಡೆದಾಡುವ ಮೊದಲು ಸರ್ಕಾರ ಒಂದು ಕೆಲಸ ಮಾಡಲಿ: ಖಾಲಿ ಇರುವ ಅಧ್ಯಾಪಕ ಹುದ್ದೆಗಳನ್ನು ತುಂಬಲಿ. ಅಂಕಪಟ್ಟಿಯ ತಿದ್ದುಪಡಿಯನ್ನು ತಾಲ್ಲೂಕಿನ ಕಾಲೇಜಿನಲ್ಲೇ ಮುಗಿಸಿಕೊಡಬಹುದು, ಅದಕ್ಕೆ ಹೊಸ ವಿಶ್ವವಿದ್ಯಾಲಯ ಬೇಕಿಲ್ಲ. ಔರಾದಿನ ಆ ಹುಡುಗಿ ಬಸ್ಸಿಳಿದು ಬಂದಾಗ ತರಗತಿಯಲ್ಲಿ ಅವಳಿಗಾಗಿ ಒಬ್ಬ ಕಾಯಂ ಮೇಷ್ಟ್ರು ಕಾದಿರಬೇಕು, ಅದಕ್ಕೆ ವಿಶ್ವವಿದ್ಯಾಲಯ ಬೇಕು.